ಲಿವರ್‌ಗೆ ಹರಿಯುವ ರಕ್ತದ ಲೆಕ್ಕ: ಅಂಕಿಯ ಜೊತೆ ಅಳೆದ ಬಗೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ಸಿಟಿ ಸ್ಕ್ಯಾನ್ ಮಾಡಿ ಲಿವರ್‌ಗೆ ಎಷ್ಟು ರಕ್ತ ಹರಿಯುತ್ತಿದೆ ಎಂದು ಅಳೆಯುವ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಓದಿದೆ. ಬರೆದವರಿಗೆ ವಿಷಯ ಗೊತ್ತಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಓದಿ ಮುಗಿಸಿದ ಮೇಲೆ ಸಾಮಾನ್ಯ ಓದುಗರ ತಲೆಯಲ್ಲಿ ಉಳಿಯುವುದು ಇಷ್ಟೇ: ರಕ್ತ ಪರೀಕ್ಷೆ ಮಾಡಿಸಿದ ಹಾಗೆ ಇದನ್ನೂ ಮಾಡಿಸಬಹುದು, ಒಂದು ಅಂಕಿ ಬರುತ್ತದೆ, ಆ ಅಂಕಿ ನಾರ್ಮಲ್ ಇದ್ದರೆ ಲಿವರ್ ಚೆನ್ನಾಗಿದೆ, ಇಲ್ಲದಿದ್ದರೆ ಕೆಟ್ಟಿದೆ. ವಿಷಯ ಅಷ್ಟು ಸರಳವಾಗಿಲ್ಲ.

ನಾನು ಸಿಟಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ರಿಪೋರ್ಟ್ ಬರೆಯುವವನೂ ಅಲ್ಲ. ಆದರೆ ಆ ಅಂಕಿ ಹುಟ್ಟುವ ಕೋಣೆಯಲ್ಲಿ ದಿನವಿಡೀ ಇರುವವನು. ಹಾಗಾಗಿ ಅದು ಹೇಗೆ ಹುಟ್ಟುತ್ತದೆ, ಎಲ್ಲೆಲ್ಲಿ ಅಲ್ಲಾಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಅಳೆದ ಬಗೆಯನ್ನು ಹೇಳದೆ ಬರೀ ಅಂಕಿ ಕೊಟ್ಟರೆ ಅದು ರೋಗಿಗೂ ಉಪಯೋಗವಿಲ್ಲ, ಮುಂದಿನ ಡಾಕ್ಟರಿಗೂ ಉಪಯೋಗವಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲು ಲಿವರ್ ಬಗ್ಗೆ ಎರಡು ಮಾತು. ದೇಹದ ಬೇರೆ ಅಂಗಗಳಿಗೆಲ್ಲ ಬಹುತೇಕ ಒಂದೇ ದಾರಿಯಲ್ಲಿ ರಕ್ತ ಬರುತ್ತದೆ, ಹೃದಯದಿಂದ ಹೊರಟ ಶುದ್ಧ ರಕ್ತ. ಲಿವರ್‌ಗೆ ಎರಡು ದಾರಿ. ಒಂದು ಹೆಪಾಟಿಕ್ ಆರ್ಟರಿ, ಅದು ಹೃದಯದ ಕಡೆಯಿಂದ ಬರುವುದು. ಇನ್ನೊಂದು ಪೋರ್ಟಲ್ ವೇನ್, ಅದು ಹೊಟ್ಟೆ, ಕರುಳು, ಗುಲ್ಮ (ಸ್ಪ್ಲೀನ್) ಎಲ್ಲ ಸುತ್ತಿ ಬಂದ ರಕ್ತವನ್ನು ತರುತ್ತದೆ. ಆರೋಗ್ಯವಂತರಲ್ಲಿ ಸುಮಾರು ಮುಕ್ಕಾಲು ಭಾಗ ರಕ್ತ ಪೋರ್ಟಲ್ ವೇನ್‌ನಿಂದ, ಕಾಲು ಭಾಗ ಮಾತ್ರ ಆರ್ಟರಿಯಿಂದ. ಆಮ್ಲಜನಕ ಮಾತ್ರ ಹೆಚ್ಚುಕಡಿಮೆ ಅರ್ಧರ್ಧ. ಒಟ್ಟು ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್, ಅಂದರೆ ಹೃದಯ ತಳ್ಳುವ ರಕ್ತದಲ್ಲಿ ಕಾಲು ಭಾಗದಷ್ಟು. ಒಂದೂವರೆ ಕಿಲೋ ತೂಗುವ ಅಂಗಕ್ಕೆ ಇದು ಜಾಸ್ತಿನೇ.

ಹಾಗಾಗಿ 'ಲಿವರ್‌ಗೆ ರಕ್ತ ಎಷ್ಟು' ಎಂದು ಕೇಳಿದರೆ ಪ್ರಶ್ನೆ ಅರ್ಧ ಮಾತ್ರ. ಯಾವ ದಾರಿಯ ರಕ್ತ ಎಂದು ಕೇಳಬೇಕು. ಲಿವರ್‌ನಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆಗಳು ಹೆಚ್ಚಾಗಿ ಆರ್ಟರಿಯ ರಕ್ತವನ್ನೇ ಎಳೆದುಕೊಳ್ಳುತ್ತವೆ. ಬ್ರೀಡಿಸ್ ಮತ್ತು ಯಂಗ್ ಎಂಬ ಇಬ್ಬರು 1954ರಲ್ಲೇ ಇದನ್ನು ತೋರಿಸಿದ್ದರು. ಗಡ್ಡೆಗೆ ಹೋಗುವ ಆರ್ಟರಿಯ ಕವಲಿಗೆ ಔಷಧಿ ಬಿಟ್ಟು ಅದನ್ನೇ ಮುಚ್ಚಿಬಿಡುವ ಚಿಕಿತ್ಸೆ ಇವತ್ತು ನಡೆಯುತ್ತದಲ್ಲ, ಅದು ನಿಂತಿರುವುದೇ ಈ ತಿಳಿವಳಿಕೆಯ ಮೇಲೆ. ಗಡ್ಡೆ ಸೊರಗುತ್ತದೆ, ಉಳಿದ ಲಿವರ್ ಪೋರ್ಟಲ್ ರಕ್ತದ ಮೇಲೆ ಬದುಕಿಕೊಳ್ಳುತ್ತದೆ. ಸಿರೋಸಿಸ್ ಆದಾಗ ಕಥೆ ಬೇರೆ. ಲಿವರ್ ಗಟ್ಟಿಯಾಗುತ್ತಾ ಹೋದಂತೆ ಪೋರ್ಟಲ್ ರಕ್ತ ಒಳಗೆ ನುಗ್ಗುವುದಕ್ಕೆ ಕಷ್ಟ, ಅದು ಕಡಿಮೆಯಾಗುತ್ತದೆ. ಪೋರ್ಟಲ್ ಕಡಿಮೆಯಾದರೆ ಆರ್ಟರಿ ತಾನಾಗಿ ಹಿಗ್ಗಿ ಒಂದಿಷ್ಟು ತುಂಬಿಕೊಡಲು ನೋಡುತ್ತದೆ. ಲಿವರ್‌ನ ಈ ಸ್ವಭಾವವನ್ನು ಲಾಟ್ ಎಂಬ ವಿಜ್ಞಾನಿ 1981ರಲ್ಲಿ ವಿವರಿಸಿದರು. ಆದರೆ ಆರ್ಟರಿ ಪೂರ್ತಿ ತುಂಬಿಕೊಡುವುದಿಲ್ಲ, ಒಟ್ಟು ಹರಿವು ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ್ದು, ಆರ್ಟರಿಯ ರಕ್ತ ಹೆಚ್ಚಾಗಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಒಳ್ಳೆಯ ಸುದ್ದಿಯೂ ಅಲ್ಲ.

ಹಿಂದೆ ಇದನ್ನು ಅಳೆಯುವುದು ಸುಲಭವಿರಲಿಲ್ಲ. ಒಂದು ಅಂಗಕ್ಕೆ ಒಳಹೋದದ್ದು, ಹೊರಬಂದದ್ದು, ಇವೆರಡರ ವ್ಯತ್ಯಾಸದಿಂದ ಹರಿವನ್ನು ಲೆಕ್ಕ ಹಾಕಬಹುದು ಎಂದು ಅಡಾಲ್ಫ್ ಫಿಕ್ 1870ರಲ್ಲೇ ಹೇಳಿದ್ದರು. 1945ರಲ್ಲಿ ಬ್ರಾಡ್ಲಿ ಮತ್ತು ಸಂಗಡಿಗರು ಲಿವರ್‌ನಿಂದ ಹೊರಬರುವ ರಕ್ತನಾಳದವರೆಗೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ತೂರಿಸಿ, ಲಿವರ್ ಹೀರಿಕೊಳ್ಳುವ ಒಂದು ಬಣ್ಣವನ್ನು ರಕ್ತಕ್ಕೆ ಬಿಟ್ಟು ಅಳೆದರು. ಕೆಲಸವೇನೋ ಆಯಿತು. ಆದರೆ ಸಿಕ್ಕಿದ್ದು ಒಟ್ಟು ಲೆಕ್ಕ ಮಾತ್ರ. ಆರ್ಟರಿ ಎಷ್ಟು, ಪೋರ್ಟಲ್ ಎಷ್ಟು, ಬಲಭಾಗಕ್ಕೆ ಎಷ್ಟು, ಗಡ್ಡೆಗೆ ಎಷ್ಟು, ಇದ್ಯಾವುದೂ ಅದರಲ್ಲಿ ಗೊತ್ತಾಗುವುದಿಲ್ಲ. ಸಿಟಿ ಬೇಕಾಗಿ ಬಂದದ್ದು ಇಲ್ಲೇ.

ಹೌನ್ಸ್‌ಫೀಲ್ಡ್ ಕಟ್ಟಿದ ಮೊದಲ ಸಿಟಿ ಯಂತ್ರ 1971ರಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. ಒಂದೊಂದು ಸ್ಕ್ಯಾನಿಗೂ ನಿಮಿಷಗಟ್ಟಲೆ ಬೇಕಿತ್ತು. ಹರಿಯುವ ರಕ್ತವನ್ನು ಅಂಥ ಯಂತ್ರದಲ್ಲಿ ಹಿಡಿಯುವುದು ಸಾಧ್ಯವೇ ಇರಲಿಲ್ಲ. ಯಂತ್ರಗಳು ವೇಗವಾದ ಮೇಲೆ 1980ರಲ್ಲಿ ಲಿಯಾನ್ ಆಕ್ಸೆಲ್ ಮೆದುಳಿನ ರಕ್ತದ ಹರಿವನ್ನು ಬೇಗ ಬೇಗ ತೆಗೆದ ಸಿಟಿ ಚಿತ್ರಗಳಿಂದ ಲೆಕ್ಕ ಹಾಕಬಹುದು ಎಂದು ತೋರಿಸಿದರು. 1993ರಲ್ಲಿ ಕೆನ್ ಮೈಲ್ಸ್ ಮತ್ತು ಜೊತೆಗಾರರು ಅದೇ ದಾರಿಯನ್ನು ಲಿವರ್‌ಗೆ ತಂದರು. 1995ರಲ್ಲಿ ಬ್ಲಾಮ್ಲಿ ಮತ್ತು ತಂಡ, 2000ದಲ್ಲಿ ಮಾಟರ್ನ್ ಮತ್ತು ತಂಡ ಲೆಕ್ಕವನ್ನು ಇನ್ನಷ್ಟು ತಿದ್ದಿದರು. ಈ ಹೆಸರುಗಳನ್ನು ಸುಮ್ನೆ ಹೇಳುತ್ತಿಲ್ಲ. ಇವರ ಲೆಕ್ಕದ ಬಗೆಗಳು ಒಂದೇ ಅಲ್ಲ, ಇವತ್ತಿನ ಸಾಫ್ಟ್‌ವೇರ್‌ಗಳೂ ಒಂದೊಂದು ಒಂದೊಂದು ಬಗೆಯನ್ನು ಹಿಡಿದಿವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಕೆಲಸದ ಒಳಗುಟ್ಟು ಕಷ್ಟದ್ದಲ್ಲ. ಹರಿಯುವ ಕಾಲುವೆಗೆ ಒಂದು ಚೊಂಬು ಬಣ್ಣ ಸುರಿದು, ಕೆಳಗೆ ನಿಂತು ಬಣ್ಣ ಯಾವಾಗ ಬಂತು, ಎಷ್ಟು ಗಾಢವಾಯಿತು, ಎಷ್ಟು ಹೊತ್ತಿಗೆ ತಿಳಿಯಾಯಿತು ಎಂದು ನೋಡಿದರೆ ನೀರಿನ ಹರಿವು ಗೊತ್ತಾಗುತ್ತದೆ. ಇಲ್ಲಿ ಬಣ್ಣದ ಬದಲು ಅಯೋಡಿನ್ ಇರುವ ಕಾಂಟ್ರಾಸ್ಟ್. ಸಿಟಿಯಲ್ಲಿ ಅಯೋಡಿನ್ ಬೆಳ್ಳಗೆ ಕಾಣುತ್ತದೆ. ಎಷ್ಟು ಅಯೋಡಿನ್ ಇದೆಯೋ ಅಷ್ಟೇ ಪ್ರಮಾಣದಲ್ಲಿ ಹೊಳಪು ಏರುತ್ತದೆ. ಆ ಹೊಳಪನ್ನು ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಅಳೆಯುತ್ತೇವೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಕಾಂಟ್ರಾಸ್ಟ್ ಇಲ್ಲದ ಆರೋಗ್ಯವಂತ ಲಿವರ್‌ಗೆ ಸುಮಾರು 60. ಒಂದೇ ಜಾಗವನ್ನು ಎರಡು ಮೂರು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಈ ಹೊಳಪು ಹೇಗೆ ಏರಿತು, ಹೇಗೆ ಇಳಿಯಿತು ಎಂದು ಗ್ರಾಫ್ ಎಳೆದರೆ ಅದೇ ಡೈನಾಮಿಕ್ ಸಿಟಿ.

ಕೋಣೆಯೊಳಗೆ ಅದು ಹೀಗಿರುತ್ತದೆ. ಮೊಣಕೈ ಮಡಿಕೆಯ ಹತ್ತಿರದ ದಪ್ಪ ನರಕ್ಕೆ 18 ಗೇಜ್ ಕ್ಯಾನುಲಾ, ಅಂದರೆ ಸ್ವಲ್ಪ ಅಗಲದ ಸೂಜಿಕೊಳವೆ ಹಾಕುತ್ತೇವೆ. ಮಾಮೂಲಿ ಹೊಟ್ಟೆಯ ಸ್ಕ್ಯಾನ್‌ಗೆ ಕಾಂಟ್ರಾಸ್ಟ್ ಸೆಕೆಂಡಿಗೆ 3 ಎಂಎಲ್ ಹೋದರೆ ಸಾಕು, ಇಲ್ಲಿ 5 ಎಂಎಲ್ ಆದರೂ ಬೇಕು. 50 ಎಂಎಲ್ ಕಾಂಟ್ರಾಸ್ಟ್ ಹತ್ತೇ ಸೆಕೆಂಡಿನಲ್ಲಿ ಒಳಗೆ ಹೋಗಬೇಕು, ಅದರ ಹಿಂದೆಯೇ ಸಲೈನ್ ತಳ್ಳಬೇಕು. ಅದಕ್ಕೇ ಮೊದಲು ಬರೀ ಸಲೈನ್ ಬಿಟ್ಟು, ಕ್ಯಾನುಲಾದ ಸುತ್ತ ಊತ ಬರುತ್ತದಾ ಎಂದು ಬೆರಳಿಟ್ಟು ನೋಡುತ್ತೇವೆ. ಇಂಜೆಕ್ಟರ್ ಒತ್ತಿದ ಮೇಲೆ ರೋಗಿಗೆ ಗಂಟಲಲ್ಲಿ ಬಿಸಿ, ಆಮೇಲೆ ಕಿಬ್ಬೊಟ್ಟೆಯಲ್ಲಿ ಬಿಸಿ, ಎಷ್ಟೋ ಜನಕ್ಕೆ ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸುತ್ತದೆ. ಮೊದಲೇ ಹೇಳದಿದ್ದರೆ ಗಾಬರಿಯಿಂದ ಉಸಿರು ಎಳೆದುಕೊಳ್ಳುತ್ತಾರೆ, ಅಲ್ಲಿಗೆ ಆ ಸ್ಕ್ಯಾನ್ ಅರ್ಧ ಕೆಟ್ಟ ಹಾಗೆ. ಪರದೆಯ ಮೇಲೆ ಮೊದಲು ಮಹಾಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬೆಳಗುತ್ತದೆ, ಸುಮಾರು 20–25 ಸೆಕೆಂಡಿಗೆ ಅದರ ಹೊಳಪು ತುದಿ ಮುಟ್ಟುತ್ತದೆ. ಆಮೇಲೆ ಗುಲ್ಮ. ಅದಾದ ಮೇಲೆ ಪೋರ್ಟಲ್ ವೇನ್. ಲಿವರ್ ಮಾತ್ರ ಆತುರವಿಲ್ಲದೆ ನಿಧಾನಕ್ಕೆ ಬೆಳ್ಳಗಾಗುತ್ತದೆ, ಒಂದು ನಿಮಿಷದ ಹತ್ತಿರ ಬಂದಾಗ ಅದರ ತುದಿ. ಹೃದಯ ದುರ್ಬಲವಿದ್ದವರಲ್ಲಿ ಇದೆಲ್ಲ ತಡ.

ಈಗ ಆ ಲಿವರ್ ಹೊಳಪಿನಲ್ಲಿ ಆರ್ಟರಿಯ ಪಾಲು ಯಾವುದು, ಪೋರ್ಟಲ್ ಪಾಲು ಯಾವುದು? ಎರಡೂ ಒಂದೇ ಅಯೋಡಿನ್, ಒಂದೇ ಬಿಳುಪು. ಇಲ್ಲಿ ಗುಲ್ಮ ಸಹಾಯಕ್ಕೆ ಬರುತ್ತದೆ, ನನಗೆ ಈ ಇಡೀ ಲೆಕ್ಕದಲ್ಲಿ ಬಹಳ ಇಷ್ಟವಾದ ಜಾಗ ಇದು. ಗುಲ್ಮಕ್ಕೆ ಆರ್ಟರಿಯ ರಕ್ತ ಮಾತ್ರ ಬರುತ್ತದೆ, ಅದರಿಂದ ಹೊರಟದ್ದು ಪೋರ್ಟಲ್ ವೇನ್ ಸೇರುತ್ತದೆ. ಹಾಗಾಗಿ ಗುಲ್ಮ ತುದಿ ಮುಟ್ಟಿದ ಕ್ಷಣವನ್ನು ಗಡಿ ಎಂದು ಇಟ್ಟುಕೊಳ್ಳಬಹುದು. ಅದಕ್ಕಿಂತ ಮುಂಚೆ ಲಿವರ್‌ನಲ್ಲಿ ಕಂಡ ಏರಿಕೆ ಆರ್ಟರಿಯದು, ಆಮೇಲಿನ ಕಡಿದಾದ ಏರಿಕೆ ಹೆಚ್ಚಾಗಿ ಪೋರ್ಟಲ್‌ನದು. ಎಷ್ಟು ಸೊಗಸಾದ ಉಪಾಯ ನೋಡಿ. ಆದರೆ ಆಪರೇಷನ್ ಮಾಡಿ ಗುಲ್ಮ ತೆಗೆದವರಲ್ಲಿ? ಸಿರೋಸಿಸ್‌ನಿಂದ ಗುಲ್ಮ ದೊಡ್ಡದಾಗಿ ರಕ್ತ ಅಲ್ಲೇ ನಿಧಾನವಾದವರಲ್ಲಿ? ಯಾರ ಲಿವರ್ ಅಳೆಯಬೇಕೆಂದು ಹೊರಟಿದ್ದೇವೋ ಅವರಲ್ಲೇ ಈ ಗಡಿ ಮಸುಕಾಗುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಕಾಗದ ಪೆನ್ನು ಸಾಕು. ಇಳಿಜಾರಿನ ಲೆಕ್ಕ ಎನ್ನುವ ಬಗೆಯಲ್ಲಿ, ಲಿವರ್‌ನ ಹೊಳಪು ಅತಿ ವೇಗವಾಗಿ ಏರಿದ ಜಾಗದ ವೇಗವನ್ನು ರಕ್ತನಾಳದ ಹೊಳಪಿನ ತುದಿಯಿಂದ ಭಾಗಿಸಬೇಕು. ಗುಲ್ಮದ ಗಡಿಗೆ ಮುಂಚೆ ಲಿವರ್ ಸೆಕೆಂಡಿಗೆ 0.8 ಯೂನಿಟ್ ಏರಿತು ಅಂದುಕೊಳ್ಳಿ. ಮಹಾಧಮನಿ ಮೊದಲಿದ್ದ ಮಟ್ಟದಿಂದ 250 ಯೂನಿಟ್ ಏರಿತು. ಭಾಗಿಸಿ, 60ರಿಂದ ಗುಣಿಸಿ, 100 ಎಂಎಲ್ ಲಿವರ್‌ಗೆ ಲೆಕ್ಕ ಹಾಕಿದರೆ ನಿಮಿಷಕ್ಕೆ 19 ಎಂಎಲ್ ಚಿಲ್ಲರೆ. ಅದು ಆರ್ಟರಿಯ ಪಾಲು. ಗಡಿಯ ಆಮೇಲೆ ಸೆಕೆಂಡಿಗೆ 1.9 ಏರಿತು, ಪೋರ್ಟಲ್ ವೇನ್ 120 ಏರಿತು ಅಂದರೆ ಪೋರ್ಟಲ್ ಪಾಲು 95. ಎರಡೂ ಸೇರಿ 114. ಒಂದೂವರೆ ಲೀಟರ್ ಗಾತ್ರದ ಲಿವರ್‌ಗೆ ನಿಮಿಷಕ್ಕೆ 1.7 ಲೀಟರ್ ಆಯಿತು. ಆರ್ಟರಿಯ ಪಾಲು ನೂರಕ್ಕೆ 17. ಚೆನ್ನಾಗೇ ಕೂತಿತು ಅಲ್ವಾ?

ಈಗ ಅದೇ ರೋಗಿ, ಅದೇ ಚಿತ್ರಗಳು. ಮಹಾಧಮನಿಯ ಮೇಲೆ ಮೌಸ್‌ನಿಂದ ಒಂದು ವೃತ್ತ ಎಳೆದು ಅದರೊಳಗಿನ ಹೊಳಪನ್ನು ಓದುತ್ತೇವೆ. ಆ ವೃತ್ತ ಸ್ವಲ್ಪ ದೊಡ್ಡದಾಗಿ ನಾಳದ ಅಂಚನ್ನೂ, ಪಕ್ಕದ ಕೊಬ್ಬನ್ನೂ ಮುಟ್ಟಿತು ಅನ್ನಿ. ಅಥವಾ ಹೊಳಪಿನ ತುದಿ ಎರಡು ಸ್ಕ್ಯಾನ್‌ಗಳ ನಡುವಿನ ಸಂದಿಯಲ್ಲಿ ಬಂದು ತಪ್ಪಿಹೋಯಿತು ಅನ್ನಿ. 250ರ ಬದಲು 200 ಓದಿದೆವು. ಆರ್ಟರಿಯ ಪಾಲು 19ರಿಂದ ಒಮ್ಮೆಲೇ 24. ಲಿವರ್‌ನಲ್ಲಿ ಒಂದು ಹನಿಯೂ ಬದಲಾಗಿಲ್ಲ. ಬದಲಾದದ್ದು ವೃತ್ತ.

ಇನ್ನು ಲೆಕ್ಕದ ಬಗೆಯೇ ಬೇರೆಯಾದರೆ ಹೇಳುವುದೇ ಬೇಡ. ಇಳಿಜಾರಿನ ಲೆಕ್ಕ ಒಂದು ಮಾತನ್ನು ನಂಬಿ ನಡೆಯುತ್ತದೆ: ಹೊಳಪು ಅತಿ ವೇಗವಾಗಿ ಏರುವ ಹೊತ್ತಿಗೆ ಕಾಂಟ್ರಾಸ್ಟ್ ಇನ್ನೂ ಲಿವರ್‌ನಿಂದ ಹೊರಗೆ ಹೋಗಿಲ್ಲ ಎಂಬ ಮಾತು. ಕಾಂಟ್ರಾಸ್ಟ್ ನಿಧಾನವಾಗಿ ಬಿಟ್ಟರೆ ಈ ನಂಬಿಕೆ ಮುರಿಯುತ್ತದೆ, ಹರಿವು ಇರುವುದಕ್ಕಿಂತ ಕಡಿಮೆ ಬರುತ್ತದೆ. ಇನ್ನೊಂದು ಬಗೆಯಲ್ಲಿ ಎರಡೂ ದಾರಿಯ ರಕ್ತವನ್ನು ಒಟ್ಟಿಗೆ ಇಟ್ಟುಕೊಂಡು, ಒಳಗೆ ಬಂದದ್ದು ಹೊರಗೂ ಹೋಗುತ್ತಿರುತ್ತದೆ ಎಂದು ಒಪ್ಪಿಕೊಂಡೇ ಕಂಪ್ಯೂಟರ್ ಗ್ರಾಫನ್ನು ಹೊಂದಿಸುತ್ತದೆ. ಇದಕ್ಕೆ ಇನ್ನಷ್ಟು ಹೊತ್ತು ಸ್ಕ್ಯಾನ್ ಬೇಕು, ಆದರೆ ನಿಧಾನವಾಗಿ ಬಿಟ್ಟರೂ ತಡೆದುಕೊಳ್ಳುತ್ತದೆ. ಜೊತೆಗೆ ಕಾಂಟ್ರಾಸ್ಟ್ ಓಡಾಡುವುದು ರಕ್ತದ ನೀರಿನ ಭಾಗದಲ್ಲಿ, ಕೆಂಪು ಕಣಗಳ ಒಳಗೆ ಹೋಗುವುದಿಲ್ಲ. ಕೆಲವು ಲೆಕ್ಕಗಳು ಹರಿವನ್ನು ಆ ನೀರಿನ ಭಾಗಕ್ಕೆ, ಅಂದರೆ ಪ್ಲಾಸ್ಮಾಕ್ಕೆ ಹೇಳುತ್ತವೆ, ಕೆಲವು ಪೂರ್ತಿ ರಕ್ತಕ್ಕೆ. ಈ ಒಂದೇ ಕಾರಣಕ್ಕೆ ಉತ್ತರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವ್ಯತ್ಯಾಸ ಬರಬಹುದು. ರಕ್ತಹೀನತೆ ಇದ್ದವರಲ್ಲಿ ಲೆಕ್ಕ ಇನ್ನೊಂದು ತರ.

ರಿಪೋರ್ಟ್‌ನಲ್ಲಿ ಇದೆಲ್ಲ ಇರುತ್ತದಾ? ನಾನು ನೋಡಿದ ಬಹಳಷ್ಟರಲ್ಲಿ ಇರುವುದಿಲ್ಲ. ಒಬ್ಬರು ಎರಡು ಬೇರೆ ಬೇರೆ ಕಡೆ ಮಾಡಿಸಿದ ರಿಪೋರ್ಟ್‌ಗಳ ಫೋಟೋವನ್ನು ಮೊಬೈಲ್‌ನಲ್ಲಿ ತೋರಿಸಿ ಕೇಳಿದರು, "ಸರ್, ಹೋದ ಸಲ 19 ಇತ್ತು, ಈಗ 31 ಆಗಿದೆ. ರಕ್ತ ಜಾಸ್ತಿ ಆಗಿದ್ದು ಒಳ್ಳೆಯದೇ ಅಲ್ವಾ?" ಎರಡೂ ಆರ್ಟರಿಯ ಅಂಕಿಗಳು. ಜಾಸ್ತಿ ಆಗಿದ್ದರೆ ಖುಷಿ ಪಡುವ ವಿಷಯವೇ ಅಲ್ಲ. ಆದರೆ ಆಗಿದೆಯೋ ಇಲ್ಲವೋ ಎಂದು ಹೇಳುವುದಕ್ಕೂ ದಾರಿ ಇರಲಿಲ್ಲ. ಯಂತ್ರ ಬೇರೆ, ಸಾಫ್ಟ್‌ವೇರ್ ಬೇರೆ, ಯಾವ ಲೆಕ್ಕ ಎಂದು ಎರಡರಲ್ಲೂ ಒಂದು ಸಾಲಿಲ್ಲ. ಡಾಕ್ಟರ್ ಹತ್ತಿರವೇ ಕೇಳಿ ಎಂದು ಕಳಿಸಿದೆ. ಅವರ ಡಾಕ್ಟರ್ ಕೈಯಲ್ಲಾದರೂ ಇನ್ನೇನಿತ್ತು, ಅದೇ ಎರಡು ಹಾಳೆ.

ಬಣ್ಣದ ಚಿತ್ರಗಳು ಇನ್ನೂ ಮೋಸ. ಕೆಂಪು, ಹಳದಿ, ಹಸಿರು, ನೀಲಿ, ನೋಡಲು ಏನೋ ದೊಡ್ಡ ಸತ್ಯ ಕಂಡ ಹಾಗೆ. ಕೆಂಪು ಅಂದರೆ ಎಷ್ಟು ಎಂದು ತೀರ್ಮಾನಿಸುವುದು ಪಕ್ಕದಲ್ಲಿರುವ ಒಂದು ಪಟ್ಟಿ. ಆ ಪಟ್ಟಿಯ ಮೇಲಿನ ತುದಿಯನ್ನು ಮೌಸ್‌ನಿಂದ ಸ್ವಲ್ಪ ಮೇಲಕ್ಕೆ ಎಳೆದರೆ ಕೆಂಪಗಿದ್ದ ಲಿವರ್ ಹಸಿರಾಗುತ್ತದೆ, ಇನ್ನೂ ಎಳೆದರೆ ನೀಲಿ. ಪಟ್ಟಿಯನ್ನೇ ಕತ್ತರಿಸಿ ಚಿತ್ರ ಮಾತ್ರ ಪ್ರಿಂಟ್ ಮಾಡಿ ಕೊಟ್ಟದ್ದನ್ನು ನೋಡಿದ್ದೇನೆ. ಅಂಥ ಚಿತ್ರಕ್ಕೆ ಅರ್ಥವೇ ಇಲ್ಲ. ನಿಮ್ಮ ಪತ್ರಿಕೆಯ ಬರಹದ ಜೊತೆ ಅಚ್ಚಾದ ಚಿತ್ರದಲ್ಲೂ ಪಟ್ಟಿ ಇರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಉಸಿರಾಟದ ಕಾಟ ಬೇರೆ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಉಸಿರು ಹಿಡಿಯುವುದು ಆರೋಗ್ಯವಂತರಿಗೇ ಕಷ್ಟ, ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗೆ ಎಲ್ಲಿ ಆಗಬೇಕು. ಲಿವರ್ ಇರುವುದು ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಿನ ಕೆಳಗೆ, ಒಂದೊಂದು ಉಸಿರಿಗೂ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಜಾರುತ್ತದೆ. ಅಂದರೆ ಮೂರು ಸೆಕೆಂಡಿನ ಹಿಂದೆ ನೋಡಿದ ಜಾಗದಲ್ಲಿ ಈಗ ಬೇರೆಯೇ ಜಾಗ ಬಂದು ಕೂತಿರುತ್ತದೆ, ಸಣ್ಣ ಗಡ್ಡೆಯಾದರೆ ಚಿತ್ರದಿಂದಲೇ ಮಾಯ. ನಿಧಾನವಾಗಿ, ಮೇಲುಮೇಲಕ್ಕೆ ಉಸಿರಾಡಿ ಎಂದು ಅಭ್ಯಾಸ ಮಾಡಿಸುತ್ತೇವೆ. ಹೊಟ್ಟೆಯ ಮೇಲೆ ಬೆಲ್ಟ್ ಕಟ್ಟುತ್ತೇವೆ. ಆಮೇಲೆ ಸಾಫ್ಟ್‌ವೇರ್ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಿಮಾಡಲು ನೋಡುತ್ತದೆ. ಹಳೆಯ ಯಂತ್ರಗಳಲ್ಲಿ ಒಮ್ಮೆಗೆ ಕಾಣುತ್ತಿದ್ದದ್ದೇ ಒಂದೆರಡು ಸೆಂಟಿಮೀಟರ್ ಅಗಲ, ಜಾರಿದರೆ ಹೋಯಿತು. ಈಗ 16 ಸೆಂಟಿಮೀಟರ್ ಒಟ್ಟಿಗೆ ನೋಡುವ ಯಂತ್ರಗಳು ಬಂದ ಮೇಲೆ ಪರವಾಗಿಲ್ಲ, ಆದರೆ ಪೂರ್ತಿ ಸರಿಹೋಗಿದೆ ಎಂದು ಯಾರೂ ಹೇಳುವುದಿಲ್ಲ.

ಊಟದ ವಿಷಯವನ್ನಂತೂ ಯಾರೂ ಬರೆಯುವುದೇ ಇಲ್ಲ. ಊಟ ಮಾಡಿದ ಮೇಲೆ ಕರುಳಿಗೆ ರಕ್ತ ಹೆಚ್ಚು ಹೋಗುತ್ತದೆ, ಅದೆಲ್ಲ ಪೋರ್ಟಲ್ ವೇನ್ ಮೂಲಕ ಲಿವರ್‌ಗೇ ಬರಬೇಕು. ಹಾಗಾಗಿ ಹೊಟ್ಟೆ ತುಂಬಿದಾಗ ಪೋರ್ಟಲ್ ಪಾಲು ಏರುತ್ತದೆ, ಖಾಲಿ ಹೊಟ್ಟೆಯಲ್ಲಿ ಇಳಿಯುತ್ತದೆ. ಮೊದಲ ಸಲ ಖಾಲಿ ಹೊಟ್ಟೆಯಲ್ಲಿ ಬಂದು, ಎರಡನೇ ಸಲ ತಿಂದು ಬಂದರೆ ವ್ಯತ್ಯಾಸ ಕಾಯಿಲೆಯದಾ ಊಟದ್ದಾ? ಕ್ಯಾನುಲಾ ಹಾಕುವಾಗ 'ಯಾವಾಗ ತಿಂದ್ರಿ' ಎಂದು ಕೇಳಿಯೇ ಕೇಳುತ್ತೇವೆ, ವಾಂತಿ ಆಗಬಾರದು ಅಂತ. ಆ ಉತ್ತರ ರಿಪೋರ್ಟ್‌ವರೆಗೆ ಹೋಗುವುದಿಲ್ಲ, ಅಷ್ಟೇ.

ಎಕ್ಸ್‌ರೇ ವಿಕಿರಣದ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಸಾಲು ಇತ್ತು. ಸಾಲದು. ಮಾಮೂಲಿ ಲಿವರ್ ಸಿಟಿಯಲ್ಲಿ ಮೂರೋ ನಾಲ್ಕೋ ಸಲ ಸ್ಕ್ಯಾನ್ ಮಾಡುತ್ತೇವೆ. ಇಲ್ಲಿ ಅದೇ ಜಾಗದ ಮೇಲೆ ಇಪ್ಪತ್ತು ಮೂವತ್ತು ಸಲ. ಒಂದೊಂದು ಸಲವೂ ಪ್ರಮಾಣ ಕಡಿಮೆ ಇಡುತ್ತೇವೆ, 120ರ ಬದಲು 80 ಅಥವಾ 100 ಕೆವಿ (ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್). ಕೆವಿ ಇಳಿಸಿದರೆ ಅಯೋಡಿನ್ ಇನ್ನೂ ಚೆನ್ನಾಗಿ ಹೊಳೆಯುತ್ತದೆ, ಅದೊಂದು ಪುಣ್ಯ. ಆದರೂ ಒಟ್ಟು ಲೆಕ್ಕ ಚಿಕ್ಕದಲ್ಲ, ಯಂತ್ರ ಹೇಗೆ ಸೆಟ್ ಆಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 2009ರಲ್ಲಿ ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಯಲ್ಲಿ ಮೆದುಳಿನ ಪರ್ಫ್ಯೂಷನ್ ಸಿಟಿಯಲ್ಲಿ, ಅಂದರೆ ಇದೇ ತರ ರಕ್ತದ ಹರಿವು ಅಳೆಯುವ ಸ್ಕ್ಯಾನ್‌ನಲ್ಲಿ, ಇನ್ನೂರಕ್ಕೂ ಹೆಚ್ಚು ಜನಕ್ಕೆ ಇರಬೇಕಾದದ್ದಕ್ಕಿಂತ ಸುಮಾರು ಎಂಟು ಪಟ್ಟು ವಿಕಿರಣ ಹೋಗಿದ್ದು ಬೆಳಕಿಗೆ ಬಂತು. ಸೆಟ್ಟಿಂಗ್ ತಪ್ಪಾಗಿತ್ತು, ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಂದಿರಲಿಲ್ಲ. ಕೆಲವರ ಕೂದಲು ತೇಪೆ ತೇಪೆಯಾಗಿ ಉದುರಿದ್ದು ಎಚ್ಚರಿಸಿತು. ಔಷಧಿ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಆಗ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಕೊಟ್ಟಿತು. ಅದು ತಲೆಯ ಸ್ಕ್ಯಾನ್, ಕೂದಲು ಉದುರಿದ್ದರಿಂದ ಗೊತ್ತಾಯಿತು. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಹಾಗೆ ಕಣ್ಣಿಗೆ ಹೊಡೆಯುವ ಗುರುತು ಯಾವುದಿದೆ? ಸ್ಕ್ಯಾನ್ ಮುಗಿದ ಮೇಲೆ ಯಂತ್ರವೇ ಒಂದು ಡೋಸ್ ಪುಟ ಕೊಡುತ್ತದೆ, ಅದನ್ನು ನೋಡುವ ಅಭ್ಯಾಸ ನಮಗೆಲ್ಲ ಇರಬೇಕು. ಕಾಂಟ್ರಾಸ್ಟ್‌ನಿಂದ ಅಲರ್ಜಿ ಆದವರು, ಕಿಡ್ನಿ ತೊಂದರೆ ಇರುವವರು ಮೊದಲೇ ಹೇಳಬೇಕು ಅನ್ನುವುದು ಬೇರೆ ಮಾತು, ಅದನ್ನು ಎಲ್ಲರೂ ಹೇಳುತ್ತಾರೆ.

ಇಷ್ಟೆಲ್ಲ ಹೇಳಿದ್ದಕ್ಕೆ ಈ ಪರೀಕ್ಷೆಯೇ ದಂಡ ಎಂದು ಯಾರೂ ತಿಳಿಯಬಾರದು. ಸರಿಯಾದ ಕಡೆ ಇದಕ್ಕೆ ಸಾಟಿ ಕಡಿಮೆ. ಲಿವರ್ ಕ್ಯಾನ್ಸರ್‌ಗೆ ಸೊರಾಫೆನಿಬ್‌ನಂಥ ಮಾತ್ರೆಗಳು 2007ರಿಂದ ಬಂದಿವೆ. ಇವು ಗಡ್ಡೆಗೆ ಹೊಸ ರಕ್ತನಾಳ ಬೆಳೆಯುವುದನ್ನೂ ತಡೆಯುತ್ತವೆ. ಗಡ್ಡೆ ತಕ್ಷಣ ಕುಗ್ಗುವುದಿಲ್ಲ, ಎಷ್ಟೋ ಸಲ ಗಾತ್ರ ಹಾಗೇ ಇರುತ್ತದೆ. ಸ್ಕೇಲ್ ಇಟ್ಟು ಅಳೆದರೆ ಔಷಧಿ ಕೆಲಸ ಮಾಡಿಲ್ಲ ಅನ್ನಿಸುತ್ತದೆ. ಆದರೆ ಒಳಗೆ ಹರಿಯುವ ರಕ್ತ ಅಷ್ಟರಲ್ಲೇ ಇಳಿದಿರಬಹುದು, ಅದನ್ನು ಡೈನಾಮಿಕ್ ಸಿಟಿ ಹಿಡಿಯುತ್ತದೆ. ಆರ್ಟರಿ ಮುಚ್ಚಿದ ಚಿಕಿತ್ಸೆಯ ನಂತರ ಗಡ್ಡೆಯ ಯಾವ ಮೂಲೆ ಇನ್ನೂ ಜೀವಂತ ಇದೆ ಎಂದು ನೋಡುವುದಕ್ಕೂ ಒಳ್ಳೆಯದು. ಇಲ್ಲೆಲ್ಲ ನೋಡುವುದು ಅದೇ ರೋಗಿಯ ಹಿಂದಿನ ಅಂಕಿಗೂ ಈಗಿನ ಅಂಕಿಗೂ ಇರುವ ವ್ಯತ್ಯಾಸ. ಯಂತ್ರ ಅದೇ, ಲೆಕ್ಕ ಅದೇ, ಹೊಟ್ಟೆ ಖಾಲಿ ಇರುವುದೂ ಅದೇ ಆದರೆ ಆ ವ್ಯತ್ಯಾಸಕ್ಕೆ ಬೆಲೆ ಇದೆ.

ಆದರೆ ಫ್ಯಾಟಿ ಲಿವರ್ ಇದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ಬಂದ ತಕ್ಷಣ 'ರಕ್ತದ ಹರಿವೂ ನೋಡಿಬಿಡಿ' ಎಂದು ಕೇಳುವುದು ಬೇಡ. ಆ ಮಟ್ಟಕ್ಕೆ ರಕ್ತ ಪರೀಕ್ಷೆ, ಅಲ್ಟ್ರಾಸೌಂಡ್, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್ ಇವೆ, ಯಾವುದರಲ್ಲೂ ಎಕ್ಸ್‌ರೇ ಇಲ್ಲ. ಪೋರ್ಟಲ್ ವೇನ್‌ನಲ್ಲಿ ರಕ್ತ ಯಾವ ಕಡೆ, ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಡಾಪ್ಲರ್ ಅಲ್ಟ್ರಾಸೌಂಡ್‌ನಲ್ಲೇ ಕಾಣುತ್ತದೆ. ಸಿರೋಸಿಸ್‌ನಲ್ಲಿ ಒಳಗಿನ ಒತ್ತಡ ಎಷ್ಟು ಎಂದು ನಿಖರವಾಗಿ ಬೇಕಾದರೆ ಇವತ್ತಿಗೂ ಕ್ಯಾಥೆಟರ್ ಹಾಕಿಯೇ ಅಳೆಯುತ್ತಾರೆ. ಅದು 10 ಎಂಎಂ ಪಾದರಸ ದಾಟಿದರೆ ಡಾಕ್ಟರುಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಸಿಟಿಯ ಹರಿವಿನ ಅಂಕಿ ಆ ಒತ್ತಡದ ಬದಲಿಗೆ ನಿಲ್ಲುವುದಿಲ್ಲ.

ಹಾಗಾಗಿ ನಿಮ್ಮಲ್ಲಿ, ಮತ್ತು ಈ ಪತ್ರ ಓದುವ ರೇಡಿಯಾಲಜಿಸ್ಟ್‌ಗಳಲ್ಲಿ ನನ್ನ ಕೋರಿಕೆ ಇಷ್ಟು. ಇನ್ನೊಮ್ಮೆ ಈ ವಿಷಯ ಬರೆದಾಗ 'ನಾರ್ಮಲ್ ಇಷ್ಟು' ಎಂದು ಒಂದೇ ಅಂಕಿ ಅಚ್ಚು ಹಾಕಬೇಡಿ, ಯಾವ ಲೆಕ್ಕದಲ್ಲಿ ನಾರ್ಮಲ್ ಎಂದೂ ಹೇಳಿ. ಬಣ್ಣದ ಚಿತ್ರ ಹಾಕಿದರೆ ಪಟ್ಟಿಯ ಸಮೇತ ಹಾಕಿ. ರಿಪೋರ್ಟ್ ಬರೆಯುವವರು ಕೊನೆಯಲ್ಲಿ ಎರಡೇ ಸಾಲು ಸೇರಿಸಿದರೆ ಸಾಕು: ಯಾವ ಸಾಫ್ಟ್‌ವೇರ್, ಯಾವ ಬಗೆಯ ಲೆಕ್ಕ, ಕಾಂಟ್ರಾಸ್ಟ್ ಎಷ್ಟು ವೇಗದಲ್ಲಿ ಹೋಯಿತು, ರೋಗಿ ತಿಂದು ಎಷ್ಟು ಗಂಟೆಯಾಗಿತ್ತು, ಉಸಿರು ಸರಿಯಾಗಿತ್ತಾ. ಈ ಮಾಹಿತಿ ನಮ್ಮ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತೇವೆ.

ರೋಗಿಗಳ ಮನೆಯವರಿಗೆ ಒಂದು ಮಾತು. ಪ್ರಿಂಟ್ ಮತ್ತು ಬಣ್ಣದ ಚಿತ್ರ ಮಾತ್ರ ತೆಗೆದುಕೊಂಡು ಹೊರಡಬೇಡಿ. ಸಿಡಿಯಲ್ಲಿ ಎಷ್ಟೋ ಸಲ ಮಾಮೂಲಿ ಚಿತ್ರಗಳನ್ನಷ್ಟೇ ಹಾಕಿರುತ್ತಾರೆ, ಸೆಕೆಂಡಿಗಟ್ಟಲೆ ತೆಗೆದ ಡೈನಾಮಿಕ್ ಸೀರೀಸ್ ದೊಡ್ಡದಾಗಿರುವುದರಿಂದ ಬಿಟ್ಟಿರುತ್ತಾರೆ, ಕೆಲವು ಕಡೆ ಸ್ವಲ್ಪ ದಿನಗಳ ಮೇಲೆ ಅಳಿಸಿಯೂ ಬಿಡುತ್ತಾರೆ. 'ಡೈನಾಮಿಕ್ ಸೀರೀಸ್ ಪೂರ್ತಿ ಹಾಕಿಕೊಡಿ' ಎಂದು ಅವತ್ತೇ ಕೇಳಿ, ಬೇಕಾದರೆ ಪೆನ್‌ಡ್ರೈವ್ ಕೊಡಿ. ಅದು ಕೈಯಲ್ಲಿದ್ದರೆ ಮುಂದೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಹಳೆಯದನ್ನೂ ಹೊಸದನ್ನೂ ಒಂದೇ ಸಾಫ್ಟ್‌ವೇರ್‌ಗೆ ಹಾಕಿ, ಒಂದೇ ಬಗೆಯಲ್ಲಿ ಲೆಕ್ಕ ಮಾಡಬಹುದು. ಆ 19 ಮತ್ತು 31 ತಂದವರ ಹತ್ತಿರ ಅದು ಇರಲಿಲ್ಲ.

ಇಂತಿ,
ನಿಮ್ಮ ಓದುಗ, ಒಬ್ಬ ಸಿಟಿ ಟೆಕ್ನಿಷಿಯನ್